ತವರಿನಲ್ಲಿ ಸೋತ ತಂಡದ ಮನೋಬಲ ಕುಸಿದೇ ಹೋಗುತ್ತದೆಯೇ?

ತಂಡವೊಂದು ದೊಡ್ಡ ಪಂದ್ಯವನ್ನು ತನ್ನದೇ ಮೈದಾನದಲ್ಲಿ ಸೋತ ರಾತ್ರಿ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಇಂಥದ್ದೊಂದು ಸಂದೇಶ ಬಂದಿರುತ್ತದೆ. ತವರಿನಲ್ಲಿ ಸೋತ ತಂಡದ ಕಥೆ ಮುಗಿಯಿತು, ಆಟಗಾರರ ಮನಸ್ಸು ಒಡೆದಿದೆ, ಇನ್ನು ಎರಡು ಮೂರು ವರ್ಷ ಮೇಲೇಳುವುದಿಲ್ಲ, ಇದನ್ನು ಮನಃಶಾಸ್ತ್ರಜ್ಞರೇ ಹೇಳಿದ್ದಾರೆ ಎಂದು ಅದರಲ್ಲಿ ಬರೆದಿರುತ್ತದೆ. ಕೆಳಗೆ ಒಬ್ಬ ಗೋಲ್‌ಕೀಪರ್ ಅಥವಾ ಡಿಫೆಂಡರ್‌ನ ಫೋಟೊ, ಅದರ ಸುತ್ತ ಕೆಂಪು ವೃತ್ತ. ಯಾವ ಮನಃಶಾಸ್ತ್ರಜ್ಞರು, ಯಾವ ಅಧ್ಯಯನ ಎಂಬುದು ಮಾತ್ರ ಇರುವುದಿಲ್ಲ.

ಚಿಕ್ಕದಾಗಿ ಉತ್ತರ ಹೇಳುವುದಾದರೆ, ಈ ಸಂದೇಶದಲ್ಲಿ ಅರ್ಧ ಮಾತ್ರ ನಿಜ. ತವರಿನ ಸೋಲು ನೋಯಿಸುತ್ತದೆ, ತಂಡದ ವಿಶ್ವಾಸವನ್ನು ಅಳೆಯಬಹುದಾದಷ್ಟು ಕುಗ್ಗಿಸುತ್ತದೆ. ಆದರೆ ಆ ಕುಸಿತ ವರ್ಷಗಟ್ಟಲೆ ಉಳಿಯಬೇಕೆಂಬ ನಿಯಮವಿಲ್ಲ. ಅದಕ್ಕೆ ಅತಿ ಹತ್ತಿರದ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ.

ಕಂಠೀರವದ ಆ ರಾತ್ರಿ

2018ರ ಮಾರ್ಚ್ 17. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್. ಬೆಂಗಳೂರು ಎಫ್‌ಸಿಗೆ ಅದು ಐಎಸ್‌ಎಲ್‌ನ ಮೊದಲ ಋತು. ಆದರೂ ಲೀಗ್ ಹಂತದಲ್ಲಿ 18 ಪಂದ್ಯಗಳಿಂದ 40 ಅಂಕ ಗಳಿಸಿ, ಎರಡನೇ ಸ್ಥಾನದ ಚೆನ್ನೈಯಿನ್ ಎಫ್‌ಸಿಗಿಂತ ಎಂಟು ಅಂಕ ಮುಂದಿತ್ತು. ಫೈನಲ್ ತವರಿನಲ್ಲಿ, ಎದುರಾಳಿ ಅದೇ ಚೆನ್ನೈಯಿನ್. ಒಂಬತ್ತನೇ ನಿಮಿಷದಲ್ಲಿ ಸುನಿಲ್ ಛೆಟ್ರಿ ಹೆಡರ್‌ನಿಂದ ಗೋಲು ಗಳಿಸಿದಾಗ ಗ್ಯಾಲರಿಯಲ್ಲಿದ್ದವರು ಕಪ್ ಬಂದೇ ಬಿಟ್ಟಿತು ಎಂದುಕೊಂಡಿರಬೇಕು.

ಮೊದಲಾರ್ಧ ಮುಗಿಯುವಷ್ಟರಲ್ಲಿ ಚೆನ್ನೈಯಿನ್‌ನ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಗೋಲು ಹೊಡೆದಿದ್ದರು. ಎರಡೂ ಕಾರ್ನರ್ ಕಿಕ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಹೊಡೆದವು. ದ್ವಿತೀಯಾರ್ಧದಲ್ಲಿ ರಫಾಯೆಲ್ ಆಗಸ್ಟೊ ಮೂರನೆಯದನ್ನು ಸೇರಿಸಿದರು. ಕೊನೆಗಳಿಗೆಯಲ್ಲಿ ಮಿಕು ಒಂದು ಗೋಲು ಮರಳಿಸಿದರೂ 3-2ರಿಂದ ಕಪ್ ಚೆನ್ನೈಗೆ ಹೋಯಿತು. ಇಡೀ ಋತು ಮುಂದಿದ್ದು ಕೊನೆಯ ದಿನ ಸ್ವಂತ ಜನರ ಮುಂದೆ ಕಳೆದುಕೊಳ್ಳುವುದು. ಫಾರ್ವರ್ಡ್ ಸಂದೇಶದ ಪ್ರಕಾರ ಒಂದು ತಂಡ ಕುಸಿಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಇನ್ನೊಂದಿಲ್ಲ.

ಮುಂದೆ ಆದದ್ದು ಬೇರೆ. ಏಪ್ರಿಲ್ 20ರಂದು, ಅಂದರೆ ಐದೇ ವಾರಗಳಲ್ಲಿ, ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಬೆಂಗಳೂರು ಈಸ್ಟ್ ಬೆಂಗಾಲ್ ತಂಡವನ್ನು 4-1ರಿಂದ ಸೋಲಿಸಿ ಸೂಪರ್ ಕಪ್ ಗೆದ್ದಿತು. ಆ ಪಂದ್ಯದಲ್ಲೂ ಮೊದಲ ಗೋಲು ಬಿಟ್ಟುಕೊಟ್ಟಿದ್ದು ಬೆಂಗಳೂರೇ. ಮನಸ್ಸು ಒಡೆದ ತಂಡ ಅಲ್ಲಿಗೇ ಕೈಚೆಲ್ಲಬೇಕಿತ್ತು.

ಋತು ಮುಗಿದ ಮೇಲೆ ತರಬೇತುದಾರ ಆಲ್ಬರ್ಟ್ ರೋಕಾ ಹೊರಟರು. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಆ ಜಾಗಕ್ಕೆ ಬಂದರು. ಎಲ್ಲವೂ ಸಲೀಸಾಗಿ ನಡೆಯಿತು ಎಂದೇನಲ್ಲ. ಆಗಸ್ಟ್‌ನಲ್ಲಿ ಎಎಫ್‌ಸಿ ಕಪ್ ಪಂದ್ಯದಲ್ಲಿ ತುರ್ಕ್ಮೆನಿಸ್ತಾನದ ಆಲ್ಟಿನ್ ಅಸಿರ್ ಎದುರು ಕಂಠೀರವದಲ್ಲೇ ಮತ್ತೆ 3-2ರಿಂದ ಸೋಲಾಯಿತು. ಆದರೆ ಸೆಪ್ಟೆಂಬರ್ 30ರಂದು ಹೊಸ ಐಎಸ್‌ಎಲ್ ಋತುವಿನ ತನ್ನ ಮೊದಲ ಪಂದ್ಯ ಅದೇ ಮೈದಾನದಲ್ಲಿ, ಅದೇ ಚೆನ್ನೈಯಿನ್ ವಿರುದ್ಧ ಬಂದಾಗ ಬೆಂಗಳೂರು 1-0ರಿಂದ ಗೆದ್ದಿತು. 2019ರ ಮಾರ್ಚ್ 17ರಂದು, ಕಂಠೀರವದ ಸೋಲಿಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಮುಂಬೈನಲ್ಲಿ ಎಫ್‌ಸಿ ಗೋವಾವನ್ನು 1-0ರಿಂದ ಮಣಿಸಿ ಚಾಂಪಿಯನ್ ಆಯಿತು. ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೊಡೆದ ಆ ಗೋಲು ಕಾರ್ನರ್ ಕಿಕ್‌ನಿಂದ ಬಂದ ಹೆಡರ್. ಹಿಂದಿನ ವರ್ಷ ಕಪ್ ಕಳೆದುಕೊಂಡಿದ್ದೂ ಅದೇ ಬಗೆಯ ಗೋಲುಗಳಿಂದ.

ಹಾಗಾದರೆ ಕಂಠೀರವದಲ್ಲಿ ಗೆದ್ದ ಚೆನ್ನೈಯಿನ್‌ನ ಮನೋಬಲ ಆಕಾಶ ಮುಟ್ಟಿರಬೇಕಲ್ಲವೇ? ಮುಂದಿನ ಋತುವಿನಲ್ಲಿ ಆ ತಂಡ 18 ಪಂದ್ಯಗಳಿಂದ ಬರೀ 9 ಅಂಕ ಗಳಿಸಿ ಪಟ್ಟಿಯ ಕಟ್ಟಕಡೆಗೆ ಇಳಿಯಿತು. ಫಾರ್ವರ್ಡ್ ಮಾಡುವವರು ಈ ಸಾಲನ್ನು ಯಾವತ್ತೂ ಸೇರಿಸುವುದಿಲ್ಲ.

ಬೆಂಗಳೂರಿಗೆ ಇದು ಮೊದಲ ಸಲವೂ ಅಲ್ಲ. 2015ರ ಮೇ 31ರಂದು ಐ-ಲೀಗ್‌ನ ಕೊನೆಯ ಪಂದ್ಯದಲ್ಲಿ ಮೋಹನ್ ಬಗಾನ್ ವಿರುದ್ಧ ಗೆದ್ದಿದ್ದರೆ ಪ್ರಶಸ್ತಿ ಬೆಂಗಳೂರಿನದೇ ಆಗುತ್ತಿತ್ತು. ಕಂಠೀರವದಲ್ಲಿ 1-0 ಮುಂದಿದ್ದಾಗ, ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ ಬೆಲ್ಲೊ ರಜಾಕ್ ಗೋಲು ಸಮ ಮಾಡಿದರು. ಲೆಕ್ಕಕ್ಕೆ ಡ್ರಾ, ಅನುಭವಕ್ಕೆ ಸೋಲು. ಮುಂದಿನ ಋತುವಿನಲ್ಲಿ ಐ-ಲೀಗ್ ಗೆದ್ದಿದ್ದು ಬೆಂಗಳೂರೇ.

ತವರಿನ ಫೈನಲ್ ಒಂದು ಶಾಪವೇ?

ಒಂದು ತಂಡದ ಕಥೆಯಿಂದ ನಿಯಮ ಕಟ್ಟಬಾರದು ಎಂದು ನೀವು ಹೇಳಬಹುದು. ಸರಿಯಾದ ಮಾತು. ಐಎಸ್‌ಎಲ್‌ನ ಉಳಿದ ಉದಾಹರಣೆಗಳನ್ನೂ ನೋಡೋಣ. 2025ರವರೆಗೆ ತಂಡವೊಂದು ತನ್ನದೇ ಮೈದಾನದಲ್ಲಿ ಫೈನಲ್ ಆಡಿದ್ದು ಐದು ಸಲ. 2015ರಲ್ಲಿ ಗೋವಾ, 2016ರಲ್ಲಿ ಕೇರಳ ಬ್ಲಾಸ್ಟರ್ಸ್, 2018ರಲ್ಲಿ ಬೆಂಗಳೂರು, 2024ರಲ್ಲಿ ಮೋಹನ್ ಬಗಾನ್ ಸೋತವು. 2025ರಲ್ಲಿ ಮಾತ್ರ ಮೋಹನ್ ಬಗಾನ್ ಗೆದ್ದಿತು. ಐದರಲ್ಲಿ ನಾಲ್ಕು ಸೋಲು! ಶಾಪದ ಕಥೆ ಹುಟ್ಟುವುದು ಇಂಥ ಲೆಕ್ಕದಿಂದಲೇ.

ಆದರೆ ಸೋತ ನಾಲ್ಕು ತಂಡಗಳಿಗೆ ಮುಂದೇನಾಯಿತು ಎಂದು ನೋಡಿದರೆ ಶಾಪ ಒಂದೇ ತರ ಕೆಲಸ ಮಾಡಿಲ್ಲ. ಗೋವಾ ಮುಂದಿನ ಋತುವಿನಲ್ಲಿ ಕೊನೆಯ ಸ್ಥಾನಕ್ಕೆ ಕುಸಿಯಿತು. ಕೇರಳ ಆರನೇ ಸ್ಥಾನದಲ್ಲಿ ನಿಂತಿತು. ಬೆಂಗಳೂರು ಚಾಂಪಿಯನ್ ಆಯಿತು. ಮೋಹನ್ ಬಗಾನ್ ಕಥೆ ಇನ್ನೂ ವಿಚಿತ್ರ. 2024ರ ಮೇ 4ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮುಂಬೈ ಸಿಟಿ ಎದುರು 3-1ರ ಸೋಲು. ಆಗಸ್ಟ್ ಕೊನೆಯಲ್ಲಿ ಅದೇ ಮೈದಾನದ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ 2-0 ಮುಂದಿದ್ದೂ ನಾರ್ತ್‌ಈಸ್ಟ್ ಯುನೈಟೆಡ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಇನ್ನೊಂದು ಸೋಲು. ಸೆಪ್ಟೆಂಬರ್‌ನಲ್ಲಿ ಕಂಠೀರವಕ್ಕೆ ಬಂದು ನಮ್ಮ ಬೆಂಗಳೂರಿಗೆ 3-0ರಿಂದ ಶರಣಾಯಿತು. ಇಷ್ಟಾದರೂ ಆ ಋತುವಿನ ಲೀಗ್ ಶೀಲ್ಡ್ ಮತ್ತು ಕಪ್ ಎರಡನ್ನೂ ಅದೇ ತಂಡ ಗೆದ್ದಿತು. 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಸೋತಿದ್ದು ಬೆಂಗಳೂರು ಎಫ್‌ಸಿ ಎಂಬುದು ನಮಗೆ ಸ್ವಲ್ಪ ಕಹಿ.

ಕ್ರಿಕೆಟ್ ನೋಡುವವರಿಗೆ ಒಂದೇ ಸಾಲು ಸಾಕು. 2025ರ ಐಪಿಎಲ್‌ನಲ್ಲಿ ಆರ್‌ಸಿಬಿ ಚಿನ್ನಸ್ವಾಮಿಯಲ್ಲಿ ಆಡಿದ ಮೊದಲ ಮೂರೂ ಪಂದ್ಯ ಸೋತಿತ್ತು. ಕಪ್ ಯಾರದಾಯಿತು ಎಂದು ಹೇಳಬೇಕಿಲ್ಲ.

ತವರಿನ ಜನರ ಎದುರು ನಿರ್ಣಾಯಕ ಪಂದ್ಯದಲ್ಲಿ ಆಟಗಾರರು ತಡವರಿಸುತ್ತಾರೆ ಎಂಬ ವಾದ ಸಂಶೋಧನೆಯಲ್ಲೂ ಇದೆ. ಅಮೆರಿಕದ ರಾಯ್ ಬೌಮೈಸ್ಟರ್ ಮತ್ತು ಅವರ ಸಹಲೇಖಕರು 1984ರಲ್ಲಿ ಬೇಸ್‌ಬಾಲ್ ಮುಂತಾದ ಆಟಗಳ ಅಂಕಿಅಂಶ ನೋಡಿ ಇದನ್ನು ಮಂಡಿಸಿದರು. 1995ರಲ್ಲಿ ಇನ್ನೊಂದು ತಂಡ ಹೆಚ್ಚಿನ ವರ್ಷಗಳ ಲೆಕ್ಕ ಸೇರಿಸಿ ನೋಡಿದಾಗ ಆ ಪರಿಣಾಮ ಗಟ್ಟಿಯಾಗಿ ಉಳಿಯಲಿಲ್ಲ. ಚರ್ಚೆ ಮುಗಿದಿಲ್ಲ. ಐದು ಫೈನಲ್‌ಗಳಿಂದ ಅದನ್ನು ಮುಗಿಸಲೂ ಆಗದು.

ಜ್ವರ ಮತ್ತು ಕಷಾಯ

ಜ್ವರ ನೆತ್ತಿಗೇರಿದ ದಿನವೇ ನಾವು ಕಷಾಯ ಕುಡಿಯುತ್ತೇವೆ. ಮಾರನೆಯ ದಿನ ಜ್ವರ ಇಳಿಯುತ್ತದೆ, ಹೆಸರು ಕಷಾಯಕ್ಕೆ ಬರುತ್ತದೆ. ಮಾಮೂಲಿ ಜ್ವರವಾಗಿದ್ದರೆ ಏರಿದ್ದು ಹೇಗೂ ಇಳಿಯಬೇಕಿತ್ತು. ಆಟದಲ್ಲೂ ಹೀಗೆಯೇ. ಒಂದು ಪಂದ್ಯದ ಫಲಿತಾಂಶದಲ್ಲಿ ತಂಡದ ಶಕ್ತಿಯ ಜೊತೆಗೆ ಅದೃಷ್ಟವೂ ಬೆರೆತಿರುತ್ತದೆ. ಕಂಬಕ್ಕೆ ಬಡಿದ ಚೆಂಡು, ರೆಫರಿಯ ಒಂದು ಸೀಟಿ, ಒಬ್ಬನ ಸ್ನಾಯು ಸೆಳೆತ. ತೀರಾ ಕೆಟ್ಟ ದಿನದ ನಂತರ ಬರುವ ದಿನ ಸಾಮಾನ್ಯವಾಗಿ ಅಷ್ಟು ಕೆಟ್ಟದಾಗಿರುವುದಿಲ್ಲ. ತೀರಾ ಒಳ್ಳೆಯ ದಿನದ ನಂತರ ಬರುವುದು ಅಷ್ಟು ಒಳ್ಳೆಯದಾಗಿರುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವುದು ಎನ್ನುತ್ತಾರೆ.

ಸೋಲಿನ ನಂತರ ಕೋಚ್‌ನನ್ನು ಬದಲಿಸಿದರೆ ತಂಡ ಚಿಗುರುತ್ತದೆ ಎಂಬ ನಂಬಿಕೆಯ ಬೇರೂ ಬಹುಮಟ್ಟಿಗೆ ಇದೇ. ನೆದರ್ಲೆಂಡ್ಸ್‌ನ ಅಗ್ರ ಲೀಗಿನ 14 ಋತುಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು, ಸೋಲಿನ ಸರಣಿಯಲ್ಲಿ ಕೋಚ್‌ನನ್ನು ತೆಗೆದ ತಂಡಗಳನ್ನು ಅದೇ ರೀತಿ ಸೋತೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳೊಂದಿಗೆ ಹೋಲಿಸಿದರು. ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ತರ ಚೇತರಿಸಿಕೊಂಡಿದ್ದವು.

ಹೀಗಾಗಿ ‘ಮನೋಬಲ ಕುಸಿಯಿತು, ಅದಕ್ಕೇ ಸೋತರು’ ಎಂಬ ವಿಶ್ಲೇಷಣೆ ಓದುವಾಗ ಸ್ವಲ್ಪ ತಡೆದು ನೋಡಿ. ಬಹಳ ಸಲ ಅದನ್ನು ಬರೆದವರಿಗೆ ಗೊತ್ತಿರುವುದು ಸೋತರು ಎಂಬುದಷ್ಟೇ. ಮನೋಬಲದ ಸಂಗತಿಯನ್ನು ಫಲಿತಾಂಶದಿಂದ ಹಿಂದಕ್ಕೆ ಊಹಿಸಿರುತ್ತಾರೆ. ಗೆದ್ದಿದ್ದರೆ ಅದೇ ಲೇಖನಿ ‘ಸೋಲು ಕಿಚ್ಚು ಹಚ್ಚಿತು’ ಎಂದು ಬರೆಯುತ್ತಿತ್ತು.

ಹಾಗಾದರೆ ಮನೋಬಲ ಎಂಬುದೇ ಸುಳ್ಳೇ?

ಅಲ್ಲ. ಸಂದೇಶದಲ್ಲಿ ನಿಜವಾಗಿರುವ ಅರ್ಧ ಇಲ್ಲಿದೆ.

ಡೆಬೊರಾ ಫೆಲ್ಟ್ಸ್ ಮತ್ತು ಕ್ಯಾಥಿ ಲಿರ್ಗ್ ಎಂಬ ಸಂಶೋಧಕಿಯರು ಅಮೆರಿಕದ ಕಾಲೇಜು ಐಸ್ ಹಾಕಿ ತಂಡಗಳನ್ನು ಒಂದು ಋತುವಿನುದ್ದಕ್ಕೂ ಹಿಂಬಾಲಿಸಿ, ಆಟಗಾರರಿಗೆ ಎರಡು ಬಗೆಯ ಪ್ರಶ್ನೆ ಕೇಳಿದರು. ನಿನ್ನ ಆಟದ ಮೇಲೆ ನಿನಗೆಷ್ಟು ನಂಬಿಕೆ? ನಿನ್ನ ತಂಡದ ಮೇಲೆ ಎಷ್ಟು? 1998ರಲ್ಲಿ ಪ್ರಕಟವಾದ ಅದರ ಫಲಿತಾಂಶ ಕುತೂಹಲಕರವಾಗಿದೆ. ಗೆದ್ದ ನಂತರ ತಂಡದ ಮೇಲಿನ ನಂಬಿಕೆ ಏರಿತು, ಸೋತ ನಂತರ ಇಳಿಯಿತು. ಆದರೆ ತನ್ನ ಮೇಲಿನ ನಂಬಿಕೆ ಹಾಗೆ ಏರಿಳಿಯಲಿಲ್ಲ. ಅಂದರೆ ಸೋಲು ಮೊದಲು ತಟ್ಟುವುದು ‘ನಾನು’ ಎಂಬುದಕ್ಕಲ್ಲ, ‘ನಾವು’ ಎಂಬುದಕ್ಕೆ. ಪಕ್ಕದವನು ಚೆಂಡು ಕೊಡುತ್ತಾನೋ ಇಲ್ಲವೋ, ಹಿಂದಿರುವವನು ಕಾಯುತ್ತಾನೋ ಇಲ್ಲವೋ ಎಂಬ ಅನುಮಾನ ಶುರುವಾಗುವುದು ಇಲ್ಲಿಂದಲೇ ಇರಬೇಕು.

ಎರಡನೆಯದು ಈಜುಗಾರರ ಮೇಲೆ ನಡೆದ ಪ್ರಯೋಗ. ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು ವಿಶ್ವವಿದ್ಯಾಲಯದ ಈಜುಗಾರರಿಗೆ ಶಕ್ತಿಮೀರಿ ಈಜಲು ಹೇಳಿ, ನಿಜವಾದದ್ದಕ್ಕಿಂತ ಕೆಟ್ಟ ಸಮಯವನ್ನು ಬೇಕೆಂದೇ ಹೇಳಿದರು. ವಿಶ್ರಾಂತಿ ಕೊಟ್ಟು ಮತ್ತೆ ಈಜಿಸಿದಾಗ ಕೆಲವರು ಮೊದಲಿಗಿಂತ ನಿಧಾನವಾದರು, ಕೆಲವರು ಆಗಲಿಲ್ಲ. ವ್ಯತ್ಯಾಸ ಇದ್ದಿದ್ದು ಕೆಟ್ಟ ಘಟನೆಗಳನ್ನು ಅವರು ತಮಗೆ ತಾವೇ ವಿವರಿಸಿಕೊಳ್ಳುವ ರೀತಿಯಲ್ಲಿ. ‘ನನ್ನ ಹಣೆಬರಹವೇ ಇಷ್ಟು, ಇದು ಬದಲಾಗುವುದಿಲ್ಲ’ ಎಂದುಕೊಳ್ಳುವ ಸ್ವಭಾವದವರು ಕುಸಿದರು. ಕೆಟ್ಟದ್ದಕ್ಕೆ ತಾತ್ಕಾಲಿಕ, ನಿರ್ದಿಷ್ಟ ಕಾರಣ ಹುಡುಕುವವರು ಕುಸಿಯಲಿಲ್ಲ.

ಇದನ್ನು ಕಂಠೀರವಕ್ಕೆ ತಂದು ನೋಡಿ. ‘ತವರಿನಲ್ಲಿ ಒತ್ತಡ ತಡೆಯಲಾಗದ ತಂಡ’ ಎಂಬುದು ಒಂದು ವಿವರಣೆ. ‘ಕಾರ್ನರ್ ಕಿಕ್‌ನಲ್ಲಿ ಆಲ್ವೆಸ್ ಅವರನ್ನು ಎರಡು ಸಲ ಬಿಟ್ಟೆವು’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸೋಮವಾರ ಬೆಳಿಗ್ಗೆ ಮಾಡುವ ಅಭ್ಯಾಸ ಯಾವುದೂ ಇಲ್ಲ. ಎರಡನೆಯದಕ್ಕೆ ಇದೆ. ಬೆಂಗಳೂರಿನ ಡ್ರೆಸ್ಸಿಂಗ್ ರೂಮಿನಲ್ಲಿ ಇದೇ ಮಾತು ನಡೆಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಬಹುತೇಕ ಅದೇ ಆಟಗಾರರು, ಒಳಗಿನವರೇ ಆದ ಕೋಚ್, ಅವರನ್ನು ನಂಬಿದ ಆಡಳಿತ ಉಳಿದುಕೊಂಡಿತ್ತು. 2015ರ ಗೋವಾ ಫೈನಲ್ ನಂತರ ಮೈದಾನದಲ್ಲೇ ಗಲಾಟೆಯಾಗಿ, ಶಿಸ್ತುಕ್ರಮ, ದಂಡ ಎಂದು ತಿಂಗಳುಗಟ್ಟಲೆ ಎಳೆದಾಡಿತು. ಎರಡೂ ತಂಡಗಳದ್ದು ತವರಿನಲ್ಲಿ 3-2ರ ಸೋಲೇ. ಸೋಲಿನ ಸುತ್ತ ಇದ್ದದ್ದು ಬೇರೆ ಬೇರೆ.

ಸೋಲಿನ ನೆರಳು ಉಳಿಯಬಲ್ಲದು ಎಂಬುದಕ್ಕೂ ಪುರಾವೆ ಇದೆ. ನಾರ್ವೆಯ ಗೈರ್ ಯೋರ್ಡೆಟ್ ಮತ್ತು ಸಹಲೇಖಕರು ದೊಡ್ಡ ಟೂರ್ನಿಗಳ ಪೆನಾಲ್ಟಿ ಶೂಟೌಟ್‌ಗಳನ್ನು ನೋಡಿದಾಗ, ಹಿಂದಿನ ಶೂಟೌಟ್ ಸೋತಿದ್ದ ದೇಶಗಳ ಆಟಗಾರರು ಹೆಚ್ಚು ಪೆನಾಲ್ಟಿ ತಪ್ಪಿಸಿಕೊಂಡಿದ್ದರು. ಹಿಂದಿನ ಸೋಲಿನಲ್ಲಿ ಆಡಿರದ ಆಟಗಾರರಲ್ಲೂ ಇದು ಕಂಡಿತು. ತಾವು ಆಡದ ಪಂದ್ಯದ ಸೋಲು ಅವರಿಗೆ ತಲುಪಿದ್ದು ಹೇಗೆ? ಪತ್ರಿಕೆ, ಟಿವಿ, ಜನರ ಬಾಯಿ. ಈಗಾದರೆ ಮೊಬೈಲ್.

ತವರಿನ ಸೋಲು ಹೊರಗಿನ ಸೋಲಿಗಿಂತ ಹೆಚ್ಚು ನೋಯುವುದಕ್ಕೆ ಒಂದು ಸರಳ ಕಾರಣವೂ ಇದೆ. ತವರಿನಲ್ಲಿ ಗೆಲ್ಲುವುದೇ ವಾಡಿಕೆ. ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗವೊಂದರಲ್ಲಿ ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಿದರು, ಕೆಲವರಿಗೆ ಜನರ ಗದ್ದಲದೊಂದಿಗೆ, ಕೆಲವರಿಗೆ ಸದ್ದಿಲ್ಲದೆ. ಗದ್ದಲ ಕೇಳಿದವರು ತವರು ತಂಡದ ವಿರುದ್ಧ ಶೇ 15.5ರಷ್ಟು ಕಡಿಮೆ ಫೌಲ್ ಕೊಟ್ಟರು. ಕೊರೊನಾ ಕಾಲದಲ್ಲಿ ಖಾಲಿ ಮೈದಾನದಲ್ಲಿ ಆಡಿದಾಗ ಜರ್ಮನಿಯ ಲೀಗಿನಲ್ಲಿ ತವರು ತಂಡಗಳ ಗೆಲುವು ಕಡಿಮೆಯಾಯಿತು. ಇಷ್ಟೆಲ್ಲ ಅನುಕೂಲ ಇದ್ದೂ ಸೋತಾಗ ನಿರೀಕ್ಷೆಗೂ ಫಲಿತಾಂಶಕ್ಕೂ ನಡುವಿನ ಕಂದಕ ದೊಡ್ಡದಾಗುತ್ತದೆ.

ಕೆಂಪು ವೃತ್ತದೊಳಗಿನ ಮನುಷ್ಯ

1950ರ ಜುಲೈ 16ರಂದು ರಿಯೊ ನಗರದ ಮರಕಾನಾದಲ್ಲಿ ಬ್ರೆಜಿಲ್‌ಗೆ ಡ್ರಾ ಆಗಿದ್ದರೂ ವಿಶ್ವಕಪ್ ಸಿಗುತ್ತಿತ್ತು. ಉರುಗ್ವೆ 2-1ರಿಂದ ಗೆದ್ದಿತು. ದೇಶ ತನ್ನ ಬಿಳಿ ಜೆರ್ಸಿಯನ್ನೇ ಕೈಬಿಟ್ಟು ಹಳದಿಗೆ ಬದಲಾಯಿತು, ಎಂಟು ವರ್ಷದಲ್ಲಿ ವಿಶ್ವಕಪ್ ಗೆದ್ದಿತು. ಅಂದರೆ ತಂಡ ಚೇತರಿಸಿಕೊಂಡಿತು. ಗೋಲ್‌ಕೀಪರ್ ಮೊಆಸಿರ್ ಬಾರ್ಬೋಸಾ ಅವರಿಗೆ ಆ ಭಾಗ್ಯವಿರಲಿಲ್ಲ. 2000ದಲ್ಲಿ ಸಾಯುವವರೆಗೂ ಆ ಎರಡನೇ ಗೋಲಿನ ದೂಷಣೆ ಅವರ ಬೆನ್ನು ಬಿಡಲಿಲ್ಲ.

ಅಭಿಮಾನಿಗಳ ಕೋಪ ಬರೀ ಮಾತಲ್ಲ ಎಂಬುದೂ ನಿಜ. 1994ರ ವಿಶ್ವಕಪ್ ಫೈನಲ್ ಅನ್ನು ಟಿವಿಯಲ್ಲಿ ನೋಡಿದ ಅಭಿಮಾನಿಗಳ ಎಂಜಲನ್ನು ಪರೀಕ್ಷಿಸಿದಾಗ ಗೆದ್ದ ಬ್ರೆಜಿಲ್‌ನ ಬೆಂಬಲಿಗರಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನ್ ಏರಿತ್ತು, ಸೋತ ಇಟಲಿಯವರಲ್ಲಿ ಇಳಿದಿತ್ತು. ಆಡಿದವರು ಅವರಲ್ಲ, ಸೋಫಾದ ಮೇಲೆ ಕೂತವರು. ಸೋತ ರಾತ್ರಿ ನಮ್ಮ ಬೆರಳು ಫಾರ್ವರ್ಡ್ ಬಟನ್ ಕಡೆ ಹೋಗುವಾಗ ನಾವು ಶಾಂತವಾಗಿ ಕೂತು ವಿಶ್ಲೇಷಿಸುತ್ತಿಲ್ಲ ಎಂಬುದಂತೂ ಖಚಿತ.

ಭದ್ರಾವತಿಯಲ್ಲಿ ನನ್ನ ಚಿಕ್ಕಪ್ಪನ ಮಗ ಗೋಲ್‌ಕೀಪರ್. ಹದಿನೇಳು ವರ್ಷ. ನಮ್ಮೂರಲ್ಲೇ ನಡೆದ ಒಂದು ಟೂರ್ನಿಯಲ್ಲಿ, ನೆಂಟರು, ಓಣಿಯವರು, ಕ್ಲಾಸಿನವರೆಲ್ಲ ಬಂದಿದ್ದ ದಿನ, ಅವನ ಕೈಯಿಂದ ಚೆಂಡು ಜಾರಿ ಗೋಲಾಯಿತು. ತಂಡ 4-0ರಿಂದ ಸೋತಿತು. ಅವನಿಂದಾಗಿದ್ದು ಒಂದು ಗೋಲು, ಉಳಿದ ಮೂರಕ್ಕೆ ಬೇರೆಯವರ ಪಾಲೂ ಇತ್ತು. ಆದರೆ ರಾತ್ರಿಯೊಳಗೆ ಆ ಜಾರಿದ ಚೆಂಡಿನ ಹನ್ನೊಂದು ಸೆಕೆಂಡಿನ ವಿಡಿಯೊಗೆ ಯಾರೋ ನಗುವಿನ ಸದ್ದು ಸೇರಿಸಿ ಸ್ಟೇಟಸ್ ಹಾಕಿದ್ದರು. ಮರುದಿನ ನಮ್ಮ ಮನೆಯ ಗ್ರೂಪಿಗೂ ಅದು ಬಂತು, ಯಾರದೆಂದು ಗೊತ್ತಿಲ್ಲದೆ ನಮ್ಮವರೇ ಒಬ್ಬರು ಫಾರ್ವರ್ಡ್ ಮಾಡಿದ್ದರು.

ಅವನು ನನ್ನನ್ನು ಸೋಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದು ಇಷ್ಟೇ: ‘ಅಕ್ಕ, ಆ ವಿಡಿಯೊ ಎಷ್ಟು ಜನ ನೋಡಿರಬಹುದು?’

ಮೂರು ವಾರ ಮೈದಾನದ ಕಡೆ ಹೋಗಲಿಲ್ಲ. ಅವರ ಕೋಚ್, ಹಿಂದೆ ಕಾರ್ಖಾನೆ ತಂಡದಲ್ಲಿ ಆಡಿದವರು, ಮನೆಗೆ ಬಂದು ಉಪದೇಶ ಮಾಡಲಿಲ್ಲ. ಪೂರ್ತಿ ಪಂದ್ಯದ ರೆಕಾರ್ಡಿಂಗ್ ತಂದು ನಾಲ್ಕೂ ಗೋಲುಗಳನ್ನು ಮೊದಲಿನಿಂದ ತೋರಿಸಿದರು, ಚೆಂಡು ಎಲ್ಲಿ ಕಳೆದುಹೋಯಿತು ಎಂಬ ಜಾಗದಿಂದ. ‘ನೋಡು ಮಾರಾಯ, ಎರಡನೇದು ಮಿಡ್‌ಫೀಲ್ಡ್‌ನಲ್ಲೇ ಆಗಿಹೋಗಿದೆ. ನಿನ್ನದು ಇದೊಂದು. ಒದ್ದೆ ಚೆಂಡನ್ನ ಎದೆಗೆ ತಗೋಬೇಕಿತ್ತು, ಕೈ ಚಾಚಿದೆ’ ಎಂದರು. ಮಳೆ ಬಂದಿದ್ದು ಅವನಿಗೆ ಮರೆತೇಹೋಗಿತ್ತಂತೆ. ಆ ವಾರ ಬಕೆಟ್ ನೀರಿನಲ್ಲಿ ಅದ್ದಿದ ಚೆಂಡುಗಳನ್ನು ಹಿಡಿಯುವ ಅಭ್ಯಾಸ ಮಾಡಿಸಿದರು, ಎರಡು ದಿನ ಬೇರೆ ಹುಡುಗರನ್ನೂ ಗೋಲಿನಲ್ಲಿ ನಿಲ್ಲಿಸಿ.

ಕೋಚ್ ಸೆಲಿಗ್ಮನ್ ಓದಿದವರಲ್ಲ. ನಾನು ಆ ಈಜುಗಾರರ ಪ್ರಯೋಗ ಹೇಳಿದಾಗ, ಇದಕ್ಕೆ ಪ್ರಯೋಗ ಬೇರೆ ಬೇಕಾ ಎಂದು ನಕ್ಕರು. ಮುಂದಿನ ಪಂದ್ಯವನ್ನೂ ಅವರು ಸೋತರು, 2-1ರಿಂದ. ಹುಡುಗ ಪೂರ್ತಿ ತೊಂಬತ್ತು ನಿಮಿಷ ಗೋಲಿನಲ್ಲಿದ್ದ. ಹಳೆಯ ವಿಡಿಯೊ ಈಗಲೂ ಯಾವುದೋ ಗ್ರೂಪಿನಲ್ಲಿ ಒಮ್ಮೊಮ್ಮೆ ತಿರುಗಿ ಬರುತ್ತದೆ.